ಕಾಕೂನ ಮಾಳಿಗೆಯ ಮೇಲಿನ ದಾರಿ

ನನಗೆ ಮರೆವಿನ ರೋಗವಿಲ್ಲ. ಇರುವುದು ಅದಕ್ಕಿಂತ ಕೆಟ್ಟದ್ದು. ಎಲ್ಲವೂ ನೆನಪಿರುತ್ತದೆ, ಆದರೆ ನೆನಪಿರುವುದು ನಿಜವೋ ಅಲ್ಲವೋ ಎಂಬ ಅನುಮಾನ ಬೆನ್ನು ಬಿಡುವುದಿಲ್ಲ. ಪುಣೆಯ ಕಾಲೇಜಿನಲ್ಲಿ ತರ್ಕಶಾಸ್ತ್ರ ಓದಿ ಊರಿಗೆ ಬಂದಾಗ ಜೊತೆಗೆ ತಂದ ಆಸ್ತಿ ಇದೊಂದೇ. ಮನೆಗೆ ಬೀಗ ಹಾಕಿ ಅರ್ಧ ಓಣಿ ದಾಟಿದ ಮೇಲೆ, ಹಾಕಿದ್ದು ಇವತ್ತೋ ನಿನ್ನೆಯೋ ಎಂದು ನಿಂತುಬಿಡುತ್ತೇನೆ. ಜಮಖಂಡಿಯ ಹೈಸ್ಕೂಲಿನಲ್ಲಿ ನನ್ನ ಕೈಯಲ್ಲಿ ಕಲಿಯುವ ಹುಡುಗರು ಈ ರೋಗದ ಗುಣವನ್ನು ನನಗಿಂತ ಚೆನ್ನಾಗಿ ಬಲ್ಲರು. ನೀವು ನಿನ್ನೆ ಮನೆಗೆಲಸ ಕೊಟ್ಟಿರಲಿಲ್ಲ ಎಂದು ಒಬ್ಬ ಗಂಭೀರವಾಗಿ ಹೇಳಿದರೆ ಸಾಕು, ನಾನು ಕಿಟಕಿಯ ಕಡೆ ನೋಡುತ್ತ ಯೋಚಿಸತೊಡಗುತ್ತೇನೆ, ಅಷ್ಟರಲ್ಲಿ ಗಂಟೆಯಾಗುತ್ತದೆ. ಇಂಥ ಮನುಷ್ಯನ ಮುಂದೆ ಒಂದು ಮನೆಯನ್ನು ಉಳಿಸಬೇಕೋ ಕೆಡವಬೇಕೋ ಎಂಬ ಪ್ರಶ್ನೆ ಬಂದರೆ ಏನಾದೀತು ಎಂದು ನೀವು ಊಹಿಸಬಹುದು. ನಿಮ್ಮ ಊಹೆ ತಪ್ಪು. ನಾನು ಈ ಜನ್ಮದಲ್ಲಿ ಗಟ್ಟಿಯಾಗಿ ನಿಂತದ್ದು ಅದೊಂದೇ ಸಲ.

ನಮ್ಮ ಓಣಿಯಲ್ಲಿ ಸಾಲಾಗಿ ಮೂರು ಮನೆಗಳು. ಮೊದಲನೆಯದು ನಮ್ಮದು, ನಡುವಿನದು ಕಾಶೀಬಾಯಿ ಕಾಕೂನದು, ಮೂರನೆಯದು ಅಂಬಕ್ಕನದು. ಕಾಕೂ ಎಂದರೆ ಚಿಕ್ಕಮ್ಮ; ಆಕೆ ನಮಗೆ ರಕ್ತಸಂಬಂಧಿಯಲ್ಲ, ಓಣಿಗೆಲ್ಲ ಕಾಕೂ. ಗಂಡ ತೀರಿಕೊಂಡ ಮೇಲೆ ಹಳೆಯ ಸೀರೆಗಳ ತುಂಡು ಜೋಡಿಸಿ ಕೌದಿ ಹೊಲಿದುಕೊಂಡು ತನ್ನ ಪಾಡಿಗೆ ತಾನಿದ್ದಾಳೆ. ಅಂಬಕ್ಕ ನನ್ನ ತಂದೆಯ ತಂಗಿ, ಮೇಲಾಗಿ ನನ್ನ ಹೆಂಡತಿ ಇಂದೂನ ತಾಯಿ. ಸೋದರತ್ತೆಯೇ ಅತ್ತೆಯಾದರೆ ಎಂಥ ಅನುಕೂಲ ಎಂದು ಮದುವೆಯಲ್ಲಿ ಎಲ್ಲರೂ ಹೇಳಿದರು. ಅನುಕೂಲ ಯಾರಿಗೆ ಎಂದು ಯಾರೂ ಹೇಳಲಿಲ್ಲ. ನಾನು ತೊಟ್ಟಿಲಲ್ಲಿದ್ದಾಗಿನಿಂದ ನನ್ನನ್ನು ಬಲ್ಲ ಅತ್ತೆಯ ಎದುರು ಅಳಿಯನ ಗತ್ತು ತೋರಿಸುವುದು ಎಷ್ಟು ಕಷ್ಟ ಎಂಬುದು ಅನುಭವಿಸಿದವರಿಗೇ ಗೊತ್ತು. ಸಾಮಾನ್ಯವಾಗಿ ಆಕೆ ನನ್ನನ್ನು ‘ಲೇ ವಾಸೂ’ ಎನ್ನುತ್ತಾಳೆ. ‘ಅಳಿಯಂದ್ರು’ ಎಂದಳೆಂದರೆ ಭಾರಿ ಸಿಟ್ಟು ಬಂದಿದೆ ಎಂದು ಅರ್ಥ.

ನಮ್ಮ ಕಡೆಯ ಮನೆಗಳಿಗೆ ಮಣ್ಣಿನ ಮಾಳಿಗೆ. ತೊಲೆಗಳ ಮೇಲೆ ಜಂತಿ, ಜಂತಿಯ ಮೇಲೆ ಕಟ್ಟಿಗೆಯ ಚಕ್ಕೆ, ಅದರ ಮೇಲೆ ಮೊಳದಷ್ಟು ಮಣ್ಣು. ಗೋಡೆಗೆ ಗೋಡೆ ಹೊಂದಿಕೊಂಡಿರುವುದರಿಂದ ಮಾಳಿಗೆಗೆ ಮಾಳಿಗೆಯೂ ಹೊಂದಿಕೊಂಡಿರುತ್ತದೆ. ಹೀಗಾಗಿ ನಮ್ಮ ಓಣಿಗೆ ಎರಡು ದಾರಿ: ಕೆಳಗಿನದು ಗಂಡಸರದು, ಮೇಲಿನದು ಹೆಂಗಸರದು. ಕೆಳಗೆ ಕಾಕೂನ ಮನೆಯ ಮುಂದಿನ ಕಟ್ಟೆಯ ಮೇಲೆ ಸದಾ ಗಂಡಸರು ಕೂತಿರುತ್ತಿದ್ದರು. ಸೊಸೆಯಂದಿರು ಆ ಮುಂದೆ ಹಾದುಹೋಗಬೇಕಾದರೆ ತಲೆಯ ಮೇಲೆ ಸೆರಗು, ನೆಲದ ಮೇಲೆ ಕಣ್ಣು. ಅದರ ಜೊತೆಗೆ ಎಲ್ಲಿಗೆ, ಯಾಕೆ, ಮರಳುವುದು ಯಾವಾಗ ಎಂಬ ಪ್ರಶ್ನೆಗಳಿಗೆ ಉತ್ತರ. ಮಾಳಿಗೆಯ ಮೇಲೆ ಈ ಯಾವ ತೊಡಕೂ ಇಲ್ಲ. ಹಿಟ್ಟು ಹತ್ತಿದ ಕೈಯಲ್ಲೇ ಇಂದೂ ತವರುಮನೆಗೆ ಹೋಗಿ ಒಗ್ಗರಣೆ ಹೊತ್ತುವ ಮೊದಲು ಮರಳಿ ಬರುತ್ತಿದ್ದಳು. ಅತ್ತೆ ಅದೇ ದಾರಿಯಿಂದ ನಮ್ಮ ಅಡುಗೆಮನೆಗೆ ಇಳಿದು, ಸಾರಿನಲ್ಲಿ ಉಪ್ಪು ನೋಡಿ, ನನ್ನ ಬಗ್ಗೆ ಒಂದು ಮಾತು ಆಡಿ ಹೋಗುತ್ತಿದ್ದಳು. ಕಾಕೂನ ಮಾಳಿಗೆ ಎಲ್ಲಕ್ಕಿಂತ ಅಗಲ. ಬೇಸಿಗೆಯಲ್ಲಿ ಓಣಿಯ ಹಪ್ಪಳ, ಸಂಡಿಗೆ, ಶಾವಿಗೆ, ಮೆಣಸಿನಕಾಯಿ ಎಲ್ಲ ಒಣಗುತ್ತಿದ್ದುದು ಅಲ್ಲಿಯೇ.

ಸಂಸ್ಥಾನ ಹೋಗಿ ಮುಂಬಯಿ ಸರಕಾರ ಬಂದ ಹೊಸತಿನಲ್ಲಿ ಒಬ್ಬ ಓವರ್‌ಸಿಯರ್ ನಮ್ಮ ಓಣಿಗೆ ಬಂದ. ಕಾಕೂನ ಮನೆಯ ಮುಂಗೋಡೆ ಹೊಟ್ಟೆ ಬಿಟ್ಟಿದ್ದನ್ನು ನೋಡಿ, ಕೋಲಿನಿಂದ ತಟ್ಟಿದ. ಗೋಡೆ ಸಣ್ಣ ಕೆಮ್ಮು ಕೆಮ್ಮಿತು. ಆತ ಎರಡು ಹೆಜ್ಜೆ ಹಿಂದೆ ಸರಿದು, ಮಳೆಗಾಲಕ್ಕೆ ಮೊದಲು ಇದನ್ನು ಸರಿಯಾಗಿ ದುರಸ್ತಿ ಮಾಡಿಸಿರಿ, ಇಲ್ಲವೇ ಕೆಡವಿರಿ ಎಂದ. ಕೆಡವುವುದಾದರೆ ಎರಡೂ ಬದಿಯ ಗೋಡೆಗಳು ಕೂಡುಗೋಡೆಗಳಾದ್ದರಿಂದ ಎರಡೂ ಮನೆಯವರ ಒಪ್ಪಿಗೆ ಬೇಕು ಎಂದೂ ಹೇಳಿದ. ಅಂದರೆ ಒಂದು ಕಡೆ ನಾನು, ಇನ್ನೊಂದು ಕಡೆ ಅಂಬಕ್ಕ. ಮಾವನವರೂ ಇದ್ದಾರೆ. ಆದರೆ ಮಾವನವರ ಸಹಿ ಎಂದರೆ ಅತ್ತೆಯ ಒಪ್ಪಿಗೆಗೆ ಹಚ್ಚುವ ಶಾಯಿ, ಅಷ್ಟೇ.

ಕಾಕೂಗೆ ಕೆಡವುವ ಮನಸ್ಸಿತ್ತು. ಹಳೆಯ ಸಾಗವಾನಿ ತೊಲೆಗಳನ್ನು ಮುಧೋಳದಲ್ಲಿ ಮನೆ ಕಟ್ಟಿಸುತ್ತಿದ್ದವರೊಬ್ಬರು ಕೇಳಿದ್ದರು. ಆ ದುಡ್ಡಿನಲ್ಲಿ ಎರಡು ಸಣ್ಣ ಕೋಣೆ ಎಬ್ಬಿಸಬಹುದು ಎಂಬುದು ಆಕೆಯ ಎಣಿಕೆ. ಆದರೆ ಓಣಿಗೆ ಓಣಿಯೇ ಎದ್ದು ನಿಂತಿತು. ಸಂಸ್ಥಾನದಲ್ಲಿ ಕಾರಕೂನಿಕೆ ಮಾಡಿದ್ದ ಭೀಮರಾಯರು, ಈ ಮನೆಯಂಥ ಮನೆ ಬೀಳಗಿಯಿಂದ ರಬಕವಿಯವರೆಗೆ ಹುಡುಕಿದರೂ ಸಿಗದು ಎಂದರು. ಅವರು ಬೀಳಗಿಗೆ ಹೋದದ್ದನ್ನು ನೋಡಿದವರು ಯಾರೂ ಇಲ್ಲ. ಬನಹಟ್ಟಿಯಿಂದ ಸೀರೆ ತಂದು ಮಾರುವ ಶಿವಲಿಂಗಪ್ಪ, ಕಾಕೂನ ಕಟ್ಟೆಯ ಮೇಲೆ ಗಂಟು ಬಿಚ್ಚಿದ ದಿನ ವ್ಯಾಪಾರ ಆಗದೆ ಇದ್ದದ್ದೇ ಇಲ್ಲ ಎಂದು ಕಣ್ಣಲ್ಲಿ ನೀರು ತಂದ. ಹೆಂಗಸರು ಏನೂ ಹೇಳಲಿಲ್ಲ; ಮನೆಮನೆಯಲ್ಲಿ ಗಂಡಂದಿರಿಗೆ ಹೇಳಿದರು. ಇಂದೂ ನನಗೆ ಹೇಳಿದ್ದು ಇಷ್ಟೇ: “ನಿಮಗ ಓಣಿ ಅದ, ಪ್ಯಾಟಿ ಅದ, ಸಾಲಿ ಅದ. ನಮಗ ಇರೂದು ಅದೊಂದ ದಾರಿ.” ಇದಕ್ಕೆ ತರ್ಕಶಾಸ್ತ್ರದಲ್ಲಿ ಉತ್ತರವಿದೆಯೇ ಎಂದು ಹಳೆಯ ಟಿಪ್ಪಣಿ ತೆರೆದು ನೋಡಿದೆ.

ಆದರೂ ನಾನು ಕೆಡವುವ ಪಕ್ಷವೇ. ನನಗೊಂದು ಕಾರಣವಿತ್ತು. ನನ್ನ ಹಣೆಯ ಎಡಕ್ಕೆ ಒಂದು ಗಾಯದ ಗುರುತಿದೆ. ಚಿಕ್ಕವನಿದ್ದಾಗ ಕಾಕೂನ ಪಡಸಾಲೆಯಲ್ಲಿ ಕೂತು ಬೆಲ್ಲ ತಿನ್ನುತ್ತಿದ್ದೆ, ಮೇಲಿನಿಂದ ಮಣ್ಣಿನ ಹೆಂಟೆಯೊಂದು ಬಿದ್ದು ಹಣೆ ಒಡೆಯಿತು, ಬೆಲ್ಲ ಕೆಂಪಾಯಿತು. ಚಿತ್ರದಲ್ಲಿ ನೋಡಿದಷ್ಟು ಸ್ಪಷ್ಟ ನೆನಪು. ಕಾಕೂ ಓಣಿಯವರನ್ನೆಲ್ಲ ತನ್ನ ಪಡಸಾಲೆಗೆ ಕರೆದ ದಿನ ನಾನು ಎದ್ದು ನಿಂತು, ಹಣೆಯ ಮೇಲಿನ ಕೂದಲು ಸರಿಸಿ, ಇದೇ ಸಾಕ್ಷಿ ಎಂದೆ. ಮಾತು ಚೆನ್ನಾಗಿಯೇ ಬಂದಿತ್ತು. ಅತ್ತೆ ಕೂತಲ್ಲಿಂದಲೇ ಕತ್ತು ಚಾಚಿ ನೋಡಿದಳು.

“ಅದು ಎಮ್ಮಿ ಹಾಯ್ದದ್ದಲೇ,” ಎಂದಳು. “ಮುಧೋಳದಾಗ, ನಿಮ್ಮ ಸೋದರಮಾವನ ಮನಿ ಹಿತ್ತಲದಾಗ. ನಾನs ಅರಿಷಿಣ ಒತ್ತೇನಿ.”

ಸಭೆ ನಕ್ಕಿತು. ನಾನು ಕೂತೆ. ಆ ಎಮ್ಮೆಯನ್ನು ಅದುವರೆಗೆ ಒಮ್ಮೆಯೂ ನೆನೆದವನಲ್ಲ. ಆದರೆ ಅತ್ತೆ ಹೇಳಿದ ಕ್ಷಣದಿಂದ ಅದರ ಕೋಡು, ಬಾಲ, ಕುತ್ತಿಗೆಯ ಹಗ್ಗ ಎಲ್ಲ ಕಣ್ಣಿಗೆ ಕಟ್ಟತೊಡಗಿದವು. ಇದೇ ನನ್ನ ರೋಗ. ಅತ್ತೆ ಬರುವ ದಾರಿ ಮುಚ್ಚಲಿಕ್ಕೆ ಈ ಮಾಸ್ತರರು ಹವಣಿಸಿದಂತಿದೆ ಎಂದು ಭೀಮರಾಯರು ಪಕ್ಕದವರ ಕಿವಿಯಲ್ಲಿ ಎಲ್ಲರಿಗೂ ಕೇಳುವಂತೆ ಹೇಳಿದರು. ಇರಬಹುದೇ ಎಂದು ನಾನೂ ಯೋಚಿಸಿದೆ. ಅದಂತೂ ಪೂರ್ತಿ ಸುಳ್ಳು ಎಂದು ಹೇಳುವ ಧೈರ್ಯ ನನಗೆ ಇವತ್ತಿಗೂ ಇಲ್ಲ. ಎಲ್ಲರೂ ಮನೆಯ ಗುಣಗಾನ ಮುಗಿಸಿದ ಮೇಲೆ ಕಾಕೂ, ಹೊಲಿಯುತ್ತಿದ್ದ ಕೌದಿಯಿಂದ ಸೂಜಿ ತೆಗೆಯದೆ, ತಲೆಯನ್ನೂ ಎತ್ತದೆ ಒಂದು ಮಾತು ಹೇಳಿದಳು.

“ಮನಿ ಎಲ್ಲಾರಿಗೂ ಬೇಕು. ಅದರ ಕೆಳಗ ಮಲಗಾಕಿ ಮಾತ್ರ ನಾ ಒಬ್ಬಾಕಿ.”

ಆಮೇಲೆ ಶಿವಲಿಂಗಪ್ಪ ಮತ್ತೆ ಕಟ್ಟೆಯ ವಿಷಯ ತೆಗೆದ.

ನಾನು ಅವತ್ತೇ ನಿಶ್ಚಯಿಸಿದೆ. ನೆನಪು ಬೇಡ, ಎಮ್ಮೆಯೂ ಬೇಡ. ಕಣ್ಣಾರೆ ನೋಡಿದ್ದನ್ನು ಮಾತ್ರ ನಂಬುವುದು. ಮರುದಿನ ರವಿವಾರ, ಕಾಕೂನ ಮನೆಗೆ ಊಟದ ಹೊತ್ತಿಗೆ ಹೋಗಿ ಕೂತೆ. ಆಕೆ ರೊಟ್ಟಿ, ಪಲ್ಯ ಬಡಿಸಿಕೊಂಡು ಎಡಗೈಯಲ್ಲಿ ಮೊರ ಎತ್ತಿ ತಾಟಿನ ಮೇಲೆ ಕೊಡೆಯ ಹಾಗೆ ಹಿಡಿದಳು, ಬಲಗೈಯಿಂದ ಉಣ್ಣತೊಡಗಿದಳು. ಮೇಲೆ ದಡದಡ ಹೆಜ್ಜೆ ಕೇಳಿದವು. ಇಬ್ಬರ ನಡುವೆ ಸೂರಿನಿಂದ ಸಣ್ಣ ಮಣ್ಣು ಇಳಿಯಿತು. ಇದು ಯಾರು ಎಂದು ಕೇಳಿದರೆ, ನಿಮ್ಮ ಅತ್ತೆ, ಬುಟ್ಟಿ ಹೊತ್ತುಕೊಂಡು ಹೊರಟಿದ್ದಾಳೆ, ಮರಳುವಾಗ ಇನ್ನೊಂದು ಸಲ ಬರುತ್ತಾಳೆ ಎಂದಳು. ಬಂದಳು. ಮಳೆಗಾಲದಲ್ಲಿ ಹೇಗೆ ಎಂದು ಕೇಳಿದೆ. ಹಾಸಿಗೆಯನ್ನು ಮೂಲೆಯಿಂದ ಮೂಲೆಗೆ ಎಳೆಯುತ್ತ ಹೋಗುವುದು, ನಾಲ್ಕೂ ಮೂಲೆ ಮುಗಿದ ಮೇಲೆ ಗೋಡೆಗೆ ಒರಗಿ ಕೂಡುವುದು ಎಂದಳು. ಇದನ್ನು ಆಕೆ ದೂರಿನ ಹಾಗೆ ಹೇಳಲಿಲ್ಲ; ಅಡುಗೆಯ ಕ್ರಮ ಹೇಳಿದ ಹಾಗೆ ಹೇಳಿದಳು.

ಅಲ್ಲಿಂದ ನೇರವಾಗಿ ಅತ್ತೆಯ ಮನೆಗೆ ಹೋದೆ. ಮನೆ ಉಳಿಯಲಿ, ಆದರೆ ನೀನು ಒಂದು ಹೊತ್ತು ಕಾಕೂನ ಜಾಗದಲ್ಲಿ ಕೂತು ಊಟ ಮಾಡಿ ಬಾ, ಆಮೇಲೂ ಉಳಿಯಲಿ ಎಂದರೆ ನಾನು ಬಾಯಿ ಬಿಡುವುದಿಲ್ಲ ಎಂದೆ. ಅಂಬಕ್ಕ ಸವಾಲಿಗೆ ಹಿಂಜರಿಯುವ ಹೆಂಗಸಲ್ಲ. ಗುರುವಾರ ಬರುತ್ತೇನೆ ಎಂದಳು. ಬುಧವಾರ ಸಂಜೆಯೇ, ನಾಳೆ ಮಧ್ಯಾಹ್ನ ಮಾಳಿಗೆಯ ಮೇಲೆ ಕಾಗೆ ಕೂಡ ಸುಳಿಯಬಾರದು ಎಂದು ಓಣಿಯ ಹೆಂಗಸರಿಗೆಲ್ಲ ತಾಕೀತು ಮಾಡಿದಳು ಎಂಬ ಸುದ್ದಿಯೂ ಬಂತು.

ಗುರುವಾರ ಶಾಲೆಯ ಮಧ್ಯಾಹ್ನದ ಬಿಡುವಿನಲ್ಲಿ ನಾನೂ ಸಾಕ್ಷಿಗೆ ಹೋದೆ. ಅಂಬಕ್ಕ ಬರುತ್ತಾಳೆಂದು ಕಾಕೂ ಹೋಳಿಗೆ ಮಾಡಿದ್ದಳು. ಸೂರು ಶಾಂತವಾಗಿತ್ತು. ಕಾಕೂ ರೂಢಿಯಂತೆ ಮೊರ ಎತ್ತಿ ಹಿಡಿದಾಗ ಅತ್ತೆ ನಕ್ಕಳು. ಮೊದಲ ಹೋಳಿಗೆ ಮುಗಿಸಿ ನನ್ನ ಕಡೆ ಗೆದ್ದವರ ನೋಟ ಬೀರಿದಳು. ಎರಡನೆಯ ಹೋಳಿಗೆಗೆ ತುಪ್ಪ ಬಿದ್ದಿತ್ತು, ಅಷ್ಟರಲ್ಲಿ ಮೇಲೆ ಹೆಜ್ಜೆ ಕೇಳಿದವು. ತೊಲೆ ನರಳಿತು. ತುಪ್ಪದ ಮೇಲೆ ಮಣ್ಣು ಬಿತ್ತು; ಒಂದು ಚೂರಲ್ಲ, ಒಂದು ಹಿಡಿ.

“ನಿನ್ನ ಮಗಳು,” ಎಂದಳು ಕಾಕೂ.

ಅತ್ತೆ ಎದ್ದು ಸೂರಿನ ಗವಾಕ್ಷಿಯ ಕೆಳಗೆ ನಿಂತು, ಈಗ ಬಾ ಎಂದು ನಿನಗೆ ಯಾರು ಹೇಳಿದರು ಎಂದು ಮೇಲೆ ಮುಖ ಮಾಡಿ ಕೇಳಿದಳು. ಮೇಲಿನಿಂದ ಇಂದೂನ ಧ್ವನಿ ಬಂತು: “ಅವರs ಅಂದ್ರಲ್ಲ, ಅವ್ವ ಕರೀಲಿಕ್ಹತ್ತಾಳ ಅಂತ.”

ಅತ್ತೆ ನನ್ನತ್ತ ತಿರುಗಿ, “ಅಳಿಯಂದ್ರು ಅಂದಿದ್ರೇನು?” ಎಂದಳು. ನಾನು ಯೋಚಿಸಿದೆ. ಬೆಳಿಗ್ಗೆ ಶಾಲೆಗೆ ಹೊರಡುವ ಗಡಿಬಿಡಿಯಲ್ಲಿ ಇಂದೂಗೆ ಏನೋ ಹೇಳಿದ್ದು ನಿಜ. ಏನು ಎಂಬುದು ಸ್ಪಷ್ಟವಿಲ್ಲ. ನೆನಪಿಲ್ಲ ಎಂದೆ. ಆ ರೋಗದಿಂದ ನನಗೆ ಉಪಕಾರವಾದದ್ದು ಅದೊಂದೇ ಸಲ.

ಆಕೆ ಬಯ್ಯಲಿಲ್ಲ. ಮರಳಿ ಮಣೆಯ ಮೇಲೆ ಕೂತು, ಕಾಕೂನ ಕೈಯಿಂದ ಮೊರ ತೆಗೆದುಕೊಂಡು ಅದರ ಮೇಲ್ಬದಿ ನೋಡಿದಳು. ಬೆರಳಿನಿಂದ ಮಣ್ಣು ಸರಿಸಿದಳು. ದನಿ ಇಳಿದಿತ್ತು.

“ಕಾಶೀ, ಹಿಂಗ ಯಾವಾಗಿಂದ ಉಣ್ಣಲಿಕ್ಹತ್ತಿ?”

“ನೀ ಮಗಳನ್ನ ಆ ಮನೀಗೆ ಕೊಟ್ಟಾಗಿಂದ.”

ಮರುದಿನ ಮಾವನವರು ಸಹಿ ಮಾಡಿದರು.

ಮನೆ ಇಳಿಯಿತು. ಕೆಲಸ ಮುಗಿಯುವವರೆಗೆ ಕಾಕೂ ನಮ್ಮ ಪಡಸಾಲೆಯಲ್ಲಿದ್ದಳು. ಮೊದಲ ಕೆಲವು ದಿನ ನಮ್ಮ ಮನೆಯಲ್ಲೂ ಮೊರ ಎತ್ತಿಯೇ ಉಂಡಳು. ಹೊಸ ಮನೆಗೆ ಆಕೆ ಹಾಕಿಸಿದ್ದು ತಗಡು, ಅದೂ ಬೆಕ್ಕು ಕೂಡ ಜಾರುವಷ್ಟು ಇಳಿಜಾರು. ಹಳೆಯ ಕಟ್ಟೆಯ ಜಾಗದಲ್ಲಿ ಒಬ್ಬರು ಮಾತ್ರ ಕೂಡಬಹುದಾದ ಒಂದೇ ಮೆಟ್ಟಿಲಿನ ಪಾವಟಿಗೆ. ಕೂಡಲು ಜಾಗವಿಲ್ಲದೆ ಗಂಡಸರು ಬೇರೆ ಓಣಿಗೆ ಹೋದರು. ಗಂಡಸರು ಇಲ್ಲವೆಂದ ಮೇಲೆ ಹೆಂಗಸರು ಕೆಳಗಿನ ಓಣಿಯಲ್ಲೇ ಹಿಟ್ಟಿನ ಕೈಯಲ್ಲಿ ಅಡ್ಡಾಡತೊಡಗಿದರು. ಅತ್ತೆಯೂ ಈಗ ಮುಂಬಾಗಿಲಿನಿಂದ ಬರುತ್ತಾಳೆ. ಮುಂಬಾಗಿಲಿನಿಂದ ಬಂದವರಿಗೆ ಕಾಲಿಗೆ ನೀರು ಕೊಡಬೇಕು, ಚಾಪೆ ಹಾಸಬೇಕು, ಚಹಾ ಆಗಬೇಕು. ಅಡುಗೆಮನೆಯಲ್ಲಿ ನಿಂತು ಆಡಿ ಹೋಗುತ್ತಿದ್ದ ಒಂದು ಮಾತು, ಈಗ ಚಾಪೆಯ ಮೇಲೆ ಸಂಜೆಯವರೆಗೆ ನಡೆಯುತ್ತದೆ.

ಹೋದ ದೀಪಾವಳಿಯಲ್ಲಿ ಪುಣೆಯಿಂದ ನನ್ನ ಕಾಲೇಜಿನ ಗೆಳೆಯನೊಬ್ಬ ಬಂದಿದ್ದ. ಹಳೆಯ ಕಟ್ಟಡಗಳ ಮೇಲೆ ಅವನಿಗೆ ಭಾರಿ ಪ್ರೀತಿ. ತಗಡಿನ ಮನೆಯನ್ನು ನೋಡಿ, ಈ ಸಾಲಿನಲ್ಲಿ ಇದೇನು ಎಂದು ಮುಖ ಸಿಂಡರಿಸಿದ. ನಾನು ನಿಟ್ಟುಸಿರುಬಿಟ್ಟು ಅಲ್ಲಿದ್ದ ಮನೆಯನ್ನು ಬಣ್ಣಿಸಿದೆ. ಕೆತ್ತಿದ ಕಂಬಗಳು, ಬಾಗಿಲ ಮೇಲೆ ಜೋಡಿ ಗಿಳಿ, ಬೇಸಿಗೆಯಲ್ಲೂ ತಂಪಾದ ಪಡಸಾಲೆ. ಉಳಿಸಿರಿ ಉಳಿಸಿರಿ ಎಂದು ಎಷ್ಟು ಹೇಳಿದೆ, ಓಣಿಯವರು ಕೇಳಲಿಲ್ಲ ಎಂದೆ. ಗಿಳಿಯ ಕೊಕ್ಕು ಕೂಡ ಕಣ್ಣಿಗೆ ಕಟ್ಟಬೇಕಾದರೆ ಅದೆಲ್ಲ ನಿಜವೇ ಇರಬೇಕು ಎಂದು ನನಗೂ ಅನ್ನಿಸಿತು. ಪಾವಟಿಗೆಯ ಮೇಲೆ ಕೌದಿ ಹೊಲಿಯುತ್ತಿದ್ದ ಕಾಕೂ ಕತ್ತೆತ್ತಿದಳು.

“ಗಿಳಿ ಎಲ್ಲಿದ್ದೂವೋ ವಾಸೂ? ಕೆಡವರಿ ಅಂತ ಮೊದಲ ಅಂದಾಂವ ನೀನs.”

ಗೆಳೆಯ ನನ್ನ ಮುಖ ನೋಡಿದ. ನಾನು ವಿಚಲಿತನಾಗಲಿಲ್ಲ. ವಯಸ್ಸಾಗಿದೆ ಪಾಪ, ಆಕೆಯ ನೆನಪು ಈಗ ನಂಬುವ ಹಾಗಿಲ್ಲ ಎಂದು ಶಾಂತವಾಗಿ, ಆಕೆಗೆ ತಿಳಿಯಬಾರದೆಂದು ಮರಾಠಿಯಲ್ಲಿ ಹೇಳಿದೆ.

ಕಾಕೂನ ತವರುಮನೆ ಮರಾಠಿ ಮಾತಿನ ಮಿರಜ ಎಂಬುದನ್ನು ಆ ಕ್ಷಣದಲ್ಲಿ ಮರೆತಿದ್ದೆ.