ದೋಷ ಅಂಜಿನಯ್ಯನದು

ಅಂಜಿನಯ್ಯ ಡಾಕ್ಟರ ಹತ್ತಿರ ಹೋಗದೇ ಇದ್ದಿದ್ದರೆ ಈ ತಾಪತ್ರಯವೇ ಇರುತ್ತಿರಲಿಲ್ಲ. ಮದುವೆಯಾದಾಗಿನಿಂದ ಅವನ ಹೆಂಡತಿ ಲಿಂಗಮ್ಮ ಮಗುವಿಗಾಗಿ ಅರಳೀಮರ ಸುತ್ತಿದ್ದಳು, ಉಪವಾಸ ಮಾಡಿದ್ದಳು, ಕಂಡವರು ಕೊಟ್ಟ ಕಷಾಯವನ್ನೆಲ್ಲ ಕುಡಿದಿದ್ದಳು. ಅವನೂ ಸುಮ್ಮನಿರಲಿಲ್ಲ. ಅದೇ ಅರಳೀಮರದ ನೆರಳಲ್ಲಿ ಬೀಡಿ ಸೇದುತ್ತ ಕೂತು, ಅವಳ ಸುತ್ತು ತಪ್ಪದಂತೆ ನೋಡಿಕೊಂಡಿದ್ದ.

ನಿನ್ನೆ ಪೇಟೆಯ ಡಾಕ್ಟರು ಸೂಕ್ಷ್ಮದರ್ಶಕದಿಂದ ತಲೆಯೆತ್ತಿ, “ನಿಮ್ಮ ವೀರ್ಯದಲ್ಲಿ ವೀರ್ಯಾಣುಗಳೇ ಇಲ್ಲ. ಪಾಪ, ನಿಮ್ಮ ಹೆಂಡತಿಗೆ ಕಷಾಯ ಕುಡಿಸೋದು ನಿಲ್ಲಿಸಿ,” ಎಂದಿದ್ದರು. ಚಿಕ್ಕಂದಿನಲ್ಲಿ ಬಂದ ಮಂಗನಬಾವು ಕೆಳಗಿಳಿದು ಹಾಳು ಮಾಡಿರಬಹುದು. ಅದು ಬಿಟ್ಟದ್ದನ್ನು ಅವನು ದುಡಿಯುವ ಗಿರಣಿಯ ಬಾಯ್ಲರಿನ ಕಾವು, ಬಿಗಿ ಲಂಗೋಟಿ ಮತ್ತು ಬೀಡಿ ಹಂಚಿಕೊಂಡಿರಬಹುದು, ಎಂಬುದು ಅವರ ಅಭಿಪ್ರಾಯ.

ಇವತ್ತು ಬೆಳಿಗ್ಗೆ ರಾಜಾಜಿನಗರದ ಮನೆಯಲ್ಲಿ ಅವನ ತಾಯಿ ನರಸಮ್ಮ ಕೇಸರಿಬಾತಿಗೆ ರವೆ ಹುರಿಯುತ್ತಿದ್ದಳು. ಸುಂಕದಕಟ್ಟೆಯ ಮರಿಯಪ್ಪ ಮಧ್ಯಾಹ್ನ ಬರುವವನಿದ್ದ, ತನ್ನ ಮಗಳನ್ನು ಅಂಜಿನಯ್ಯನಿಗೆ ಎರಡನೆಯವಳಾಗಿ ಕೊಡುವ ಮಾತಿಗೆ.

“ಎರಡ್ನೇ ಮದ್ವೆ ಕೂಡದು ಅಂತ ದಿಲ್ಲೀಲಿ ಕಾಯಿದೆ ಮಾಡ್ತಾವ್ರಂತೆ. ಅಷ್ಟ್ರೊಳಗೆ ಮುಗಿಸ್ಬಿಡಾನ,” ಎಂದಳು ನರಸಮ್ಮ.

ಲಿಂಗಮ್ಮ ಕೋಣೆಯ ಅಗಳಿ ಹಾಕಿಕೊಂಡು ಕೂತಿದ್ದಳು. “ನಾನು ಒಪ್ಪಲ್ಲ. ನಾನು ಒಪ್ದೆ ಮರಿಯಪ್ಪನೋರು ಹೆಣ್ಣು ಕೊಡಲ್ಲ,” ಎಂದು ಒಳಗಿನಿಂದಲೇ ಹೇಳಿದಳು.

ಅಂಜಿನಯ್ಯನಿಗೆ ಹೆಂಡತಿಯ ಕಣ್ಣೀರಿಗಿಂತ ದೊಡ್ಡ ಚಿಂತೆಯೊಂದಿತ್ತು. ಎರಡನೆಯವಳಿಗೂ ಮಕ್ಕಳಾಗದಿದ್ದರೆ ಬೀದಿಯವರೆಲ್ಲ ಯಾರ ಮುಖ ನೋಡುತ್ತಾರೆ? ಅದಕ್ಕಿಂತ ಮನೆಯೊಳಗೇ ನಿಜ ಹೇಳಿ ಮದುವೆ ತಪ್ಪಿಸುವುದು ಮೇಲೆನಿಸಿತು.

“ಅವ್ವ, ದೋಷ ನಂದು. ಮಂಗನಬಾವು ಬಂದಿತ್ತಲ್ಲ, ಅದರಿಂದಂತೆ.”

ನರಸಮ್ಮ ಸೌಟು ನಿಲ್ಲಿಸಲಿಲ್ಲ. “ಅದು ಬಂದಿದ್ದು ಗದ್ದಕ್ಕೆ ಕಣೋ. ಗಂಡಸರಿಗೆ ಮಕ್ಕಳಾಗೋದು ಗದ್ದದಲ್ಲಾ?”

ಈ ವೈದ್ಯಶಾಸ್ತ್ರವನ್ನು ಅಲ್ಲೇ ಬಿಟ್ಟು ಅವನು ಪಕ್ಕದ ಮನೆಯ ದೊಡ್ಡಹನುಮಯ್ಯನ ಬಳಿ ಹೋದ. ಗರಡಿಯಲ್ಲಿ ಸಾಮು ಮಾಡಿ ಮುದುಕನಾದ ಆತನ ಮಾತಿಗೆ ಬೀದಿಯಲ್ಲಿ ಬೆಲೆಯಿತ್ತು. ಎಲ್ಲವನ್ನೂ ಕೇಳಿಸಿಕೊಂಡು ಆತ ಕೇಳಿದ:

“ಆ ಡಾಕ್ಟ್ರಿಗೆ ಮೀಸೆ ಇದ್ಯಾ?”

“ಇಲ್ಲ.”

“ಮತ್ತೆ? ನಿನ್ನ ಮೀಸೆ ನೋಡ್ಕೊ. ಇಂಥದ್ದು ಇಟ್ಕೊಂಡು ಯಾರಾದ್ರೂ ಹಿಂಗ್ ಮಾತಾಡ್ತಾರಾ?”

ವಿಚಾರಣೆ ಮುಗಿಯಿತು. ಅಂಜಿನಯ್ಯನ ನೆತ್ತಿಗೆ ಉಷ್ಣ ಏರಿದೆಯೆಂದು ತೀರ್ಮಾನಿಸಿ, ದೊಡ್ಡಹನುಮಯ್ಯ ಅವನನ್ನು ಜಗಲಿಯ ಮೇಲೆ ಕೆಡವಿ ಹರಳೆಣ್ಣೆ ತಟ್ಟಿದ. ಬಿಗಿ ಲಂಗೋಟಿಯ ಮಾತೆತ್ತಿದ್ದಕ್ಕೆ ಇನ್ನೊಂದು ಬೊಗಸೆ ಹೆಚ್ಚು ಬಿತ್ತು. ನೋಡಲು ನಿಂತ ಹೆಂಗಸರು, “ಪಾಪ, ಬಂಜೆ ಕಟ್ಕೊಂಡು ತಲೆ ಕೆಟ್ಟೋಗೈತೆ,” ಎಂದು ಕನಿಕರಪಟ್ಟರು.

ಹೀಗಾಗಿ ಮರಿಯಪ್ಪ ಬಂದಾಗ ವರ, ದೇವರ ಮುಂದಿನ ಬತ್ತಿಯಂತೆ, ಎಣ್ಣೆಯಲ್ಲಿ ನೆಂದು ಕೂತಿದ್ದ. ಕೇಸರಿಬಾತು ತಿಂದು ಮರಿಯಪ್ಪ ಕೇಳಿದ:

“ಮೊದಲ್ನೇರು ಒಪ್ಪವ್ರಾ? ಅವರ ಕಣ್ಣಲ್ಲಿ ನೀರು ಹಾಕ್ಸಿ ನಾನು ಹೆಣ್ಣು ಕೊಡಲ್ಲ.”

ಕಿಟಕಿಯಲ್ಲಿ ಅರ್ಧ ಬೀದಿಯ ಮುಖಗಳಿದ್ದವು. ಅಂಜಿನಯ್ಯ ಕಣ್ಣುಮುಚ್ಚಿ ಎದ್ದು ನಿಂತ. “ಸ್ವಾಮಿ, ಲಿಂಗಮ್ಮಂದೇನೂ ತಪ್ಪಿಲ್ಲ. ದೋಷ ನಂದು. ಎಷ್ಟು ಮದ್ವೆ ಮಾಡಿದ್ರೂ ನಂಗೆ ಮಕ್ಕಳಾಗಲ್ಲ.”

ಮರಿಯಪ್ಪ ಹೆಗಲ ವಸ್ತ್ರದಿಂದ ನಿಧಾನವಾಗಿ ಕಣ್ಣೊರೆಸಿಕೊಂಡ.

“ಹೆಂಡ್ತಿ ಮರ್ಯಾದೆ ಉಳಿಸೋಕೆ ಇಂಥ ಮಾತು ತನ್ನ ಮ್ಯಾಲೆ ಹೊತ್ಕೊಂಡ ಗಂಡಸನ್ನ ನಾನು ನೋಡೇ ಇಲ್ಲ. ನನ್ ಮಗಳು ಪುಣ್ಯ ಮಾಡವ್ಳೆ.”

“ಸುಳ್ಳು ಹೇಳಿದ್ರೂ ಎಂಥ ಸುಳ್ಳು ಹೇಳ್ದ ನೋಡಿ,” ಎಂದ ವರನ ಜೊತೆಗೇ ಬಂದು ಕೂತಿದ್ದ ದೊಡ್ಡಹನುಮಯ್ಯ. ಕಿಟಕಿಯಲ್ಲಿ ಯಾರೋ ಮೂಗು ಸೀಟಿದರು.

ಅಂಜಿನಯ್ಯನಿಗೆ ಉಳಿದಿದ್ದ ಆಸೆ ಒಂದೇ, ಲಿಂಗಮ್ಮನ ಹಟ. ಅಷ್ಟರಲ್ಲಿ ಅಗಳಿ ಸರಿಯಿತು. ಅವಳು ಹೊರಗೆ ಬಂದು, ಸೆರಗಿನಿಂದ ಮುಖ ಒರೆಸಿಕೊಂಡು, ನೇರವಾಗಿ ಅವನ ಕಾಲಿಗೆ ಬಿದ್ದಳು.

“ಇಂಥೋರಿಗೆ ಮಕ್ಕಳಿಲ್ದಂಗೆ ಮಾಡೋ ಪಾಪ ನಂಗ್ಯಾಕೆ? ನಾನು ಒಪ್ಪಿದೀನಿ. ಬೇಗ ಲಗ್ನ ಇಡಿ.”

“ಲಿಂಗೀ, ನೀನಾದ್ರೂ ನಂಬೇ. ನಿಜವಾಗ್ಲೂ ನಂದೇ ಕಣೇ,” ಎಂದ ಅಂಜಿನಯ್ಯ.

ಲಿಂಗಮ್ಮ ತುಂಬಿದ ಕಣ್ಣಿನಿಂದ ಮರಿಯಪ್ಪನತ್ತ ತಿರುಗಿದಳು.

“ನೋಡಿದ್ರಾ? ಈಗ್ಲೂ ನನ್ನ ಬಿಟ್ಕೊಡ್ತಾ ಇಲ್ಲ.”