ಆಡು ಕೊನೆಗೆ ಎಲ್ಲಿ ಇಳಿಯಿತು

ನೆನಪನ್ನು ನಾನು ಅಷ್ಟಾಗಿ ನಂಬುವವನಲ್ಲ. ನಿನ್ನೆ ಉಂಡದ್ದನ್ನೂ ದಿನಚರಿ ನೋಡಿಯೇ ಖಾತ್ರಿ ಮಾಡಿಕೊಳ್ಳುತ್ತೇನೆ. ಆದರೆ ಖಾದರ ಮಾಸ್ತರರ ಆಡಿನ ವಿಷಯದಲ್ಲಿ ನನಗೆ ಎಳ್ಳಷ್ಟೂ ಸಂಶಯವಿಲ್ಲ. ಸಂಶಯಪಡುವವರನ್ನು ಕಂಡರೆ ಮೈ ಉರಿಯುತ್ತದೆ. ದುರ್ದೈವದಿಂದ ಅಂಥವರೊಬ್ಬರ ಜೊತೆಗೇ ನನ್ನ ಲಗ್ನವಾಗಿದೆ.

ಮಾಸ್ತರರು ನಮ್ಮ ಸೀಮೆಯ ಮಕ್ಕಳಿಗೆಲ್ಲ ಕತೆ ಬರೆದವರು. ಬಬಲೇಶ್ವರದಲ್ಲಿ ನನಗೆ ಕಲಿಸಿದರು, ಆಮೇಲೆ ವರ್ಗವಾಗಿ ತಿಕೋಟಾದಲ್ಲಿ ನನ್ನ ಹೆಂಡತಿ ಸರೋಜಾಗೆ. ಅವರು ತೀರಿಕೊಂಡ ಮೇಲೆ ಮಗಳು ಶಮಾ, ಅಚ್ಚಾಗದೆ ಉಳಿದ ಕತೆಗಳನ್ನು ಪುಸ್ತಕ ಮಾಡಲು ಹೊರಟರು. ಕಾಖಂಡಕಿ ಬಸ್ಸು ಹತ್ತಿದ ಆಡಿನ ಕತೆಗೆ ಮಾತ್ರ ಕೊನೆಯೇ ಸಿಗಲಿಲ್ಲ. "ನಿಮಗ ನೆನಪಿದ್ರ ಹೇಳ್ರಿ" ಎಂದು ನನಗೆ ಫೋನು ಮಾಡಿದರು.

"ಆಡು ಕಂಡಕ್ಟರನ ಟಿಕೇಟೆಲ್ಲಾ ತಿಂದುಬಿಡತೈತ್ರಿ. ಮಂದಿಯೆಲ್ಲಾ ಪುಕಟ ಊರು ಮುಟ್ಟತಾರ" ಎಂದೆ.

"ಸುಳ್ಳ" ಎಂದಳು ಒಳಗಿನಿಂದ ಸರೋಜಾ. "ಕಾಖಂಡಕ್ಯಾಗ ಇಳದು ಅವ್ವನ್ನ ಹುಡಕತೈತಿ. ನಿಮ್ಮೂರಾಗ ಆಡಿಗೂ ತಿನ್ನೂದೊಂದ ಗೊತ್ತು."

ತಾಯಿ, ಕಣ್ಣೀರು, ಅಪ್ಪುಗೆ. ನಗಿಸಿ ನಗಿಸಿಯೇ ಪಾಠ ಹೇಳಿದ ಮನುಷ್ಯನ ಹೆಸರಿನಲ್ಲಿ ಇಂಥದು ಅಚ್ಚಾಗಿ, ಮುಂದಿನ ಮಕ್ಕಳೆಲ್ಲ ಇದನ್ನೇ ಓದಬೇಕೆಂದರೆ ಇದು ಯಾವ ನ್ಯಾಯ? ಸಿಟ್ಟಿಗೆ ನಾನು ಚಹಾ ಕೇಳಲಿಲ್ಲ, ಅವಳೂ ಕೊಡಲಿಲ್ಲ. ಕೊನೆಗೆ ಇಬ್ಬರೂ ವಿಜಯಪುರಕ್ಕೆ, ಶಮಾ ಅವರ ಮನೆಗೇ ಹೋದೆವು. ಬಸ್ಸಿನಲ್ಲಿ ಬೇರೆ ಬೇರೆ ಸೀಟು.

ಶಮಾ ಎರಡನ್ನೂ ಕೇಳಿ ನಗತೊಡಗಿದರು. "ಜೈನಾಪುರದಾಕಿ ಒಬ್ಬಾಕಿ ಮೂರನೇದ್ದು ಹೇಳ್ಯಾಳ್ರಿ. ಗಂಟಿ ಹೊಡಿಯೂ ಹೊತ್ತಿಗೆ ಅಪ್ಪಾರು, 'ಮುಂದೇನಾತು, ನೀವ ಹೇಳ್ರಲೇ' ಅಂತಿದ್ರಂತ. ಹುಡುಗೂರು ಹೇಳಿದ್ದ ಕೊನಿ."

"ಹೌದ್ರಿ, ನಮ್ಮ ಸಾಲ್ಯಾಗ ಎದ್ದು ನಿಂತು ಹೇಳಿದಾಕಿ ನಾನ" ಎಂದಳು ಸರೋಜಾ.

"ಮತ್ತ ಇಷ್ಟು ದಿನ ಮಾಸ್ತರು ಹೇಳಿದ್ದು ಅಂತಿದ್ದೆಲ್ಲ?" ಎಂದೆ.

"ಅವರು ಒಪ್ಪಿದ ಮ್ಯಾಲ ಅವರದ ಆತಲ್ರಿ."

ಶಮಾ ಎಲ್ಲ ಕೊನೆಗಳನ್ನೂ ಹಾಕುತ್ತಾರಂತೆ, ಹೇಳಿದವರ ಹೆಸರಿನ ಸಮೇತ. "ನಿಮ್ಮ ಸಾಲ್ಯಾಗ ಹೇಳಿದವರು ಯಾರ್ರಿ?" ಎಂದು ಕೇಳಿದರು. ಬಾಯಿ ತೆರೆದೆ, ಹೆಸರು ಬರಲಿಲ್ಲ. ಅಳುಬುರುಕ ಆಡಿಗೆ ನನ್ನ ಹೆಂಡತಿಯ ಹೆಸರು, ನಮ್ಮ ಊರಿನ ಶೂರ ಆಡು ಮಾತ್ರ ಅನಾಥ. ಇದನ್ನು ಸಹಿಸುವುದು ಹೇಗೆ? ನೆನಪು ಮಾಡಿಕೊಂಡು ತಿಳಿಸುತ್ತೇನೆ ಎಂದು ಹೇಳಿ ಬಂದೆ.

ಮೊದಮೊದಲು ಹಿಂದಿನ ಬೆಂಚಿನಿಂದ ಯಾರೋ ಎದ್ದು ನಿಂತದ್ದಷ್ಟೇ ಕಾಣುತ್ತಿತ್ತು. ನಿನ್ನೆಯಿಂದ ಅವನ ಅಂಗಿ ನನ್ನ ಅಂಗಿಯ ಹಾಗೆ ಕಾಣತೊಡಗಿದೆ.