ಆರು ಭಾಷೆಯ ಅಳಿಯ

ರಾಜಘಟ್ಟದ ಪಿಳ್ಳಪ್ಪ ರಂಗೂನಿನಿಂದ ಹೊತ್ತು ತಂದದ್ದು ಒಂದು ತಗಡಿನ ಪೆಟ್ಟಿಗೆ ಮತ್ತು ಒಂದು ಸುಳ್ಳು. ಪೆಟ್ಟಿಗೆ ಖಾಲಿಯಿತ್ತು, ಸುಳ್ಳು ಮಾತ್ರ ಭಾರವಾಗಿತ್ತು: "ನಂಗೆ ಆರು ಭಾಷೆ ಬತ್ತದೆ."

ಅಲ್ಲಿದ್ದ ಮೂರು ವರ್ಷವೂ ಅವನು ನೆಲಮಂಗಲದವರೊಬ್ಬರ ಊಟದ ಹೋಟೆಲಿನಲ್ಲಿ ಅಕ್ಕಿ ತೊಳೆದಿದ್ದ. ಕನ್ನಡ ಬಿಟ್ಟು ಬೇರೆ ಮಾತು ಬೇಕಾಗಿರಲಿಲ್ಲ. ಭಾನುವಾರ ಮಾತ್ರ ಅಲ್ಲಿಯ ಕಾರ್ನಿವಲ್ಲಿಗೆ ಹೋಗಿ ತಿರುಗುತೊಟ್ಟಿಲು ಏರುತ್ತಿದ್ದ. ಬರ್ಮಾದವರು, ಚೀನಿಯರು, ತಮಿಳರು ಒತ್ತಿಕೊಂಡು ಕೂರುತ್ತಿದ್ದರು. ಒಬ್ಬರ ಮಾತು ಒಬ್ಬರಿಗೆ ತಿಳಿಯದು. ತೊಟ್ಟಿಲು ಮೇಲಿಂದ ಜಾರಿದಾಗ ಮಾತ್ರ ಎಲ್ಲರ ಕಿರುಚಾಟವೂ ಒಂದೇ. ಪಿಳ್ಳಪ್ಪನಿಗೆ ಚೆನ್ನಾಗಿ ಬರುತ್ತಿದ್ದುದು ಆ ಭಾಷೆ.

ಸುಳ್ಳು ವಿಜಯಪುರದ ರೇಷ್ಮೆ ವ್ಯಾಪಾರಿ ವೆಂಕಟರಾಯಪ್ಪನ ಕಿವಿಗೆ ಬಿತ್ತು. ಪರಭಾಷೆಯ ಸಾಹುಕಾರರೊಡನೆ ಮಾತಾಡಬಲ್ಲ ಅಳಿಯನೊಬ್ಬ ಅವನಿಗೆ ಬೇಕಾಗಿತ್ತು. ಮಗಳು ಬನಶಂಕರಿಯನ್ನು ಕೊಡುವ ಮುಂಚೆ ಪರೀಕ್ಷೆಯೊಂದಾಗಲಿ ಎಂದು, ದೊಡ್ಡಬಳ್ಳಾಪುರದ ಮೈದಾನಕ್ಕೆ ಬಂದಿದ್ದ ಕಾರ್ನಿವಲ್ಲಿಗೆ ಹುಡುಗನನ್ನು ಕರೆದೊಯ್ದ. 'ಬರ್ಮಾ ತೊಟ್ಟಿಲು' ಎಂಬ ಬೋರ್ಡಿನ ಕೆಳಗೆ ಜರಿ ಟೋಪಿಯವನೊಬ್ಬ ಯಾವುದೋ ಭಾಷೆಯಲ್ಲಿ ಜನರನ್ನು ಕೂಗುತ್ತಿದ್ದ.

"ಏನಪ್ಪಾ, ನಿಮ್ಮ ಕಡೆಯೋನೇ ಅವ್ನೆ! ಮಾತಾಡ್ಸು ಒಂದೀಟು."

ಪಿಳ್ಳಪ್ಪನ ನಾಲಿಗೆ ಕೆಂಡಕ್ಕೆ ಬಿದ್ದ ಹಪ್ಪಳದಂತೆ ಸುರುಟಿಕೊಂಡಿತು. ಕಣ್ಣು ಮುಚ್ಚಿ ಬಾಯಿಗೆ ಬಂದದ್ದನ್ನು ಅಂದ: "ಲೊಂಬೊ ಕಿಚಿ ತಾವೊ?"

ಟೋಪಿಯವನೂ ಬೆಚ್ಚಿದ. "ಕಿಚಿ ಲೊಂಬೊ!" ಎಂದು, ತೊಟ್ಟಿಲಿಗೆ ಹತ್ತಿಸುವ ನೆಪದಲ್ಲಿ ಕಿವಿಗೆ ಬಾಗಿದ: "ಅಣ್ಣೋ, ನಾನು ದೊಡ್ಡಬೆಳವಂಗಲದ ಜವರಪ್ಪ. ಹೊಟ್ಟೆಪಾಡು ಕಣಣ್ಣೋ, ಮಾನ ಕಳೀಬ್ಯಾಡ!"

ಪಿಳ್ಳಪ್ಪನಿಗೆ ಹೋದ ಜೀವ ಬಂತು. ತೊಟ್ಟಿಲು ಏರಿದಷ್ಟೂ ಧೈರ್ಯ ಏರಿತು. ಮೇಲಿನಿಂದ ಕೈ ಬೀಸಿ, "ಮಿಂಗೊ ತಾವೊ!" ಎಂದ. ಕೆಳಗಿನಿಂದ ಜವರಪ್ಪ ಅದರ ಎರಡರಷ್ಟು ಕೂಗಿದ. ಜನ ಚಪ್ಪಾಳೆ ತಟ್ಟಿದರು.

"ನನ್ನ ಅಳಿಯ ಕಣ್ರೋ! ಆರು ಭಾಷೆ ಬತ್ತದೆ!" ಎಂದು ವೆಂಕಟರಾಯಪ್ಪ ಸಾರಿದ.

ಚಪ್ಪಾಳೆ ತಟ್ಟದೆ ನಿಂತವನು ಒಬ್ಬನೇ, ಹಿಂದಿನ ದಿನ ಕೋಲಾರದಿಂದ ವರ್ಗವಾಗಿ ಬಂದಿದ್ದ ದಫೇದಾರ ಮುನಿರಾಮಯ್ಯ. ಜಪಾನಿನವರು ಬರ್ಮಾ ಹಿಡಿದ ವರ್ಷವದು. ಗೂಢಚಾರರ ಮೇಲೆ ಕಣ್ಣಿಡಿ ಎಂದು ಹುಕುಂ ಬಂದಿತ್ತು. ತೊಟ್ಟಿಲು ಇಳಿಯುತ್ತಲೇ ಇಬ್ಬರ ಕುತ್ತಿಗೆಪಟ್ಟಿಯೂ ಅವನ ಮುಷ್ಟಿಯಲ್ಲಿತ್ತು.

"ಯಾರಿಗೋ ಕಳಿಸ್ದೆ ಸುದ್ದಿ? ಯಾವ ದೇಶದ ಭಾಷೆಯೋ ಅದು?"

"ಅಯ್ಯೋ ಸ್ವಾಮಿ, ಕನ್ನಡ ಬಿಟ್ರೆ ಒಂದಕ್ಷರಾನೂ ಬರಾಕಿಲ್ಲ ನಂಗೆ!"

"ನಂಗೂ ಅಷ್ಟೇ ಸ್ವಾಮಿ!" ಎಂದ ಜವರಪ್ಪ.

ದಫೇದಾರ ತಿರುಗಿದ. "ಏನ್ರೀ ಯಜಮಾನ್ರೇ, ಇವನು ನಿಮಗೇನಾಗ್ಬೇಕು?"

ವೆಂಕಟರಾಯಪ್ಪ ಪಂಚೆಯ ಧೂಳು ಕೊಡವಿದ. "ಯಾರೋಪ್ಪ. ಈಗ ತೊಟ್ಟಿಲ ತಾವ ಸಿಕ್ದ."

"ನಾನು ರಾಜಘಟ್ಟದೋನು, ನಮ್ಮವ್ವನ್ನ ಕೇಳಿ ಬೇಕಾದ್ರೆ!" ಎಂದು ಪಿಳ್ಳಪ್ಪ ಗೋಳಾಡಿದ.

ದಫೇದಾರ ತಲೆದೂಗಿದ. ಜೊತೆಯ ಕಾನ್‌ಸ್ಟೇಬಲ್ಲನ ಕಡೆ ನೋಡಿ, "ಏನು ತರಬೇತಿ ಕೊಟ್ಟವ್ರಯ್ಯಾ ಜಪಾನಿನೋರು!" ಎಂದ. "ಥೇಟು ಈ ಸೀಮೆಯೋರ ಹಂಗೇ ಮಾತಾಡ್ತಾನೆ. ಬರ್ಕೋ: ಏಳನೇ ಭಾಷೆ, ಕನ್ನಡ."